ಮನೆ ಮಾಡುವುದು

ಪಕ್ಕದ ಮನೆಗೆ ಬೀಗ ಬಿದ್ದು ಆಗಲೇ ಆರು ವರ್ಷವಾಗಿತ್ತು. ಮೈಸೂರಿನ ಕುವೆಂಪುನಗರದ ನಮ್ಮ ಅಡ್ಡರಸ್ತೆಯೊಂದರಲ್ಲೇ ಇಂಥವು ನಾಲ್ಕಿವೆ. ಕಟ್ಟಿಸಿದವರು ತೀರಿಕೊಂಡರು, ಮಕ್ಕಳು ದೂರದಲ್ಲಿದ್ದಾರೆ, ಗೇಟಿಗೆ ಸುತ್ತಿದ ಸರಪಳಿ ತುಕ್ಕು ಹಿಡಿಯುತ್ತ ಕಾವಲು ಕೂತಿದೆ. ಆ ಕಾಂಪೌಂಡಿನ ಖಾಯಂ ನಿವಾಸಿಗಳೆಂದರೆ ಆಫ್ರಿಕನ್ ಬಸವನಹುಳುಗಳು. ಮುಂಗಾರಿನ ಎರಡು ಒಳ್ಳೆ ಮಳೆ ಬಿದ್ದರೆ ಸಾಕು, ನಡುವಿನ ಗೋಡೆ ಹತ್ತಿ ನಮ್ಮ ಕಡೆಗೆ ಇಳಿಯುತ್ತಿದ್ದವು. ಅಮ್ಮನ ದಾಸವಾಳದ ಚಿಗುರು, ಪರಂಗಿ ಸಸಿ, ಒಂದೆಲಗದ ಪಾತಿ, ಯಾವುದನ್ನೂ ಬಿಡುತ್ತಿರಲಿಲ್ಲ. ಕಡೆಗೆ ಗೋಡೆಗೆ ಬಳಿದ ಸುಣ್ಣವನ್ನೂ ಕೆರೆದು ತಿನ್ನುತ್ತಿದ್ದವು. ಬೆನ್ನ ಮೇಲಿನ ಮನೆ ಬೆಳೆಯಬೇಕಾದರೆ ಸುಣ್ಣ ಬೇಕಲ್ಲ! ಇವನ್ನು ಬರಿಗೈಯಲ್ಲಿ ಮುಟ್ಟಬಾರದು, ಮನುಷ್ಯನ ಮಿದುಳಿಗೆ ಹೋಗಿ ಸೇರಬಲ್ಲ ಜಂತು ಅವುಗಳಲ್ಲಿ ಇರಬಹುದು. ಹಾಗಾಗಿ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಒಂದೊಂದೇ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದು ನನ್ನ ಮಳೆಗಾಲದ ಸಂಜೆಗಳ ಕೆಲಸವಾಗಿತ್ತು.

ಈ ಹುಳು ನಮ್ಮ ಸೀಮೆಯದಲ್ಲ, ಪೂರ್ವ ಆಫ್ರಿಕಾದ್ದು. ಬೆನ್ಸನ್ ಎಂಬ ಕಂಪನಿ ಕಾಲದ ಅಧಿಕಾರಿಯೊಬ್ಬ, ಚಿಪ್ಪುಗಳ ಹುಚ್ಚಿನವ, 1847ರಲ್ಲಿ ಮಾರಿಷಸ್‌ನಿಂದ ತಂದು ಕಲ್ಕತ್ತೆಯ ತೋಟವೊಂದರಲ್ಲಿ ಬಿಟ್ಟನಂತೆ. ಆಮೇಲೆ ದೇಶವೆಲ್ಲ ಹಬ್ಬಿತು. ಶನಿವಾರಸಂತೆ ಕಡೆಯ ಕಾಫಿ ತೋಟದವರನ್ನು ಕೇಳಿದರೆ ಅದರ ಬಗ್ಗೆ ಪುರಾಣವನ್ನೇ ಹೇಳುತ್ತಾರೆ.

ಬೇಸಗೆಯಲ್ಲಿ ಆ ಗೋಡೆಯ ಬುಡದಲ್ಲಿ, ತಾನಾಗಿ ಸತ್ತ ಹುಳುಗಳ ಚಿಪ್ಪುಗಳು ಬಿಸಿಲಿಗೆ ಬೆಳ್ಳಗಾಗಿ ಬಿದ್ದಿರುತ್ತಿದ್ದವು. ಅವುಗಳನ್ನು ನಾನು ಬೇರೆ ಕಣ್ಣಿನಿಂದ ನೋಡಿದ್ದು ಬೆಂಗಳೂರಿನ ಪರಿಚಿತ ಹುಡುಗನೊಬ್ಬನ ಗಾಜಿನ ತೊಟ್ಟಿಯ ಮುಂದೆ ಒಂದು ಗಂಟೆ ಕೂತು ಬಂದ ಮೇಲೆ. ಅವನ ತೊಟ್ಟಿಯಲ್ಲಿ ಗಿಡವಿಲ್ಲ, ಗುಳ್ಳೆ ಬಿಡುವ ಪ್ಲಾಸ್ಟಿಕ್ ಗೊಂಬೆಯಿಲ್ಲ. ಮರಳು, ಬಸವನಹುಳುವಿನ ಖಾಲಿ ಚಿಪ್ಪುಗಳು, ಅವುಗಳ ಬಾಯಲ್ಲಿ ಕಿರುಬೆರಳಿಗಿಂತ ಚಿಕ್ಕ ಪಟ್ಟೆ ಪಟ್ಟೆ ಮೀನುಗಳು, ಅಷ್ಟೇ. ಕೈ ಆಡಿಸಿದರೆ ಎಲ್ಲವೂ ಪಟಕ್ಕನೆ ಒಳಗೆ. ಎರಡು ನಿಮಿಷ ಬಿಟ್ಟರೆ ಒಂದೊಂದು ಚಿಪ್ಪಿನಿಂದ ಒಂದೊಂದು ಜೊತೆ ಕಣ್ಣು.

ನಿಯೋಲ್ಯಾಂಪ್ರೊಲೋಗಸ್ ಮಲ್ಟಿಫ್ಯಾಸಿಯೇಟಸ್ ಎಂಬುದು ಅದರ ಉದ್ದನೆಯ ಹೆಸರು, ಸಾಕುವವರ ಬಾಯಲ್ಲಿ ಬರೀ ‘ಮಲ್ಟಿ’. ಬೆಳೆದ ಗಂಡು ನಾಲ್ಕೂವರೆ ಸೆಂಟಿಮೀಟರ್ ಮುಟ್ಟಿದರೆ ಹೆಚ್ಚು, ಹೆಣ್ಣು ಇನ್ನೂ ಚಿಕ್ಕದು. ಊರು ಆಫ್ರಿಕಾದ ಟ್ಯಾಂಗನೀಕಾ ಸರೋವರ. ಅದರ ಆಳ 1,470 ಮೀಟರ್. ಚಾಮುಂಡಿ ಬೆಟ್ಟವನ್ನು ಸಮುದ್ರಮಟ್ಟದಿಂದಲೇ ಅಳೆದು ಅದರೊಳಗೆ ನಿಲ್ಲಿಸಿದರೂ ದೇವಸ್ಥಾನದ ಮೇಲೆ ಇನ್ನೂ 400 ಮೀಟರ್ ನೀರಿರುತ್ತದೆ. ಆದರೆ ಈ ಮೀನಿಗೆ ಆಳದ ಗೊಡವೆಯಿಲ್ಲ. ದಡಕ್ಕೆ ಸಮೀಪದ ತಳದಲ್ಲಿ ನಿಯೋಥೌಮಾ ಎಂಬ ನೀರುಬಸವನಹುಳುವಿನ ಚಿಪ್ಪುಗಳು ಹಾಸಿಗೆಯಂತೆ ಹರಡಿಕೊಂಡಿರುತ್ತವೆ, ಅಲ್ಲಿ ಅದರ ವಾಸ. ಬೇರೆ ಕೆರೆಗಳಲ್ಲಾದರೆ ಹುಳು ಸತ್ತ ಮೇಲೆ ಚಿಪ್ಪು ಮೆಲ್ಲಗೆ ಕರಗಿಹೋಗುತ್ತದೆ. ಟ್ಯಾಂಗನೀಕಾದ ನೀರು ಕ್ಷಾರ, ಖನಿಜಗಳಿಂದ ಗಡುಸಾದದ್ದು, ಚಿಪ್ಪನ್ನು ಕರಗಗೊಡುವುದಿಲ್ಲ. ಸಾವಿರ ವರ್ಷ ದಾಟಿದ ಚಿಪ್ಪುಗಳೂ ಆ ರಾಶಿಯಲ್ಲಿ ಸಿಕ್ಕಿವೆ. ಅಂದರೆ ಹೊಯ್ಸಳರ ಕಾಲಕ್ಕೂ ಮೊದಲು ಸತ್ತ ಒಂದು ಹುಳುವಿನ ಮನೆಯಲ್ಲಿ ಇವತ್ತು ಬೆಳಗ್ಗೆ ಯಾವುದೋ ಮೀನು ಮೊಟ್ಟೆಯಿಟ್ಟಿರಬಹುದು.

ದೂರದ ನೆಂಟಸ್ತಿಕೆ ಹೇಳುವುದಾದರೆ, ಇದು ನಮ್ಮ ಕಾವೇರಿಯಲ್ಲೂ ಕೆರೆಗಳಲ್ಲೂ ತುಂಬಿಕೊಂಡಿರುವ ‘ಜಿಲೇಬಿ’ ಮೀನಿನ ಕುಲದ್ದೇ. ಆ ಜಿಲೇಬಿಯೂ ಆಫ್ರಿಕಾ ಮೂಲದ್ದು, ನಮ್ಮ ದೇಶಕ್ಕೆ 1952ರಲ್ಲಿ ಬಂದದ್ದು. ಆದರೆ ಈ ಸಿಕ್ಲಿಡ್ ಕುಲದಲ್ಲಿ ಕನ್ನಡ ನಾಡಿನದೇ ಆದದ್ದೂ ಒಂದಿದೆ. ನೇತ್ರಾವತಿ, ಕುಮಾರಧಾರಾ ನದಿಗಳ ಕಡೆ ಕಾಣುವ, ಮೈಮೇಲೆ ಮುತ್ತು ಚೆಲ್ಲಿದಂಥ ಮೀನು. 1877ರಲ್ಲಿ ಫ್ರಾನ್ಸಿಸ್ ಡೇ ಅದಕ್ಕೆ ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಹೆಸರಿಟ್ಟ. ಕೆನರಾ ಎಂಬ ಹೆಸರು ಮೀನಿನ ಬಾಲಕ್ಕೆ ಅಂಟಿಕೊಂಡು ಹೀಗೆ ಲೋಕ ಸುತ್ತುತ್ತಿದೆ. ನ್ಯಾಯವಾಗಿ ನಾನು ಅದನ್ನೇ ಸಾಕಬೇಕಿತ್ತೇನೋ. ಆದರೆ ಎರಡಡಿ ತೊಟ್ಟಿ ಅದಕ್ಕೆ ಸಾಲದು, ಮತ್ತೆ ನನ್ನ ಮನಸ್ಸು ಆಗಲೇ ಚಿಪ್ಪಿನೊಳಗೆ ಹೊಕ್ಕಿತ್ತು.

ತೊಟ್ಟಿ ಅಟ್ಟದ ಮೇಲಿತ್ತು. ಮಗಳು ಹೈಸ್ಕೂಲಿನಲ್ಲಿದ್ದಾಗ ಗೋಲ್ಡ್‌ಫಿಶ್‌ಗೆಂದು ತಂದದ್ದು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ, ತುಂಬಿಸಿದರೆ 55 ಲೀಟರ್ ಚಿಲ್ಲರೆ. ಮರಳಿಗಾಗಿ ಅಲೆದೆ. ಈಗ ಎಲ್ಲಿ ಕೇಳಿದರೂ ಎಂ-ಸ್ಯಾಂಡ್. ಅದು ಕಲ್ಲು ಅರೆದ ಪುಡಿ, ಕಣಕಣಕ್ಕೂ ಚೂಪು ಮೂಲೆ. ಈ ಮೀನು ದಿನವಿಡೀ ಮರಳನ್ನು ಬಾಯಲ್ಲಿ ತುಂಬಿಕೊಂಡು ಹೊರುವ ಜಾತಿ, ಅದರ ಬಾಯಿಗೆ ಇದನ್ನು ಹಾಕುವುದೇ? ಭಾವಮೈದುನನ ಮನೆಯ ಹಿತ್ತಲಲ್ಲಿ ಹಳೇ ಕಾಲದ ಹೊಳೆಮರಳು ಎರಡು ಮಂಕರಿ ಉಳಿದಿತ್ತು. ಅಮ್ಮನ ಹಳೆಯ ಒಂದರಿಯಲ್ಲಿ ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ಹದಿನಾಲ್ಕು ಸಲ ತೊಳೆದು, ಮೂರು ಬೆರಳ ದಪ್ಪಕ್ಕೆ ಹಾಸಿದೆ.

ಚಿಪ್ಪು ಕುದಿಸುವುದು ದೊಡ್ಡ ರಾದ್ಧಾಂತವಾಯಿತು. “ಅಡುಗೆಮನೆ ಹೊಸಿಲು ದಾಟಿಸಿದರೆ ನೋಡು” ಎಂದಳು ಎಂಬತ್ತೆರಡರ ಅಮ್ಮ. ಹಿತ್ತಲಲ್ಲಿ ಮೂರು ಇಟ್ಟಿಗೆ ಹೂಡಿ, ಗುಜರಿಗೆ ಹೋಗಬೇಕಿದ್ದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸಿದೆ. ಮೂರು ಬೆರಳಿಗಿಂತ ಉದ್ದವಿಲ್ಲದ, ಬಾಯಿ ಒಡೆಯದ ಚಿಪ್ಪುಗಳು ಹದಿನೆಂಟು ಸಿಕ್ಕವು. ಉಪ್ಪಿನ ಬಕೆಟ್ಟಿನಲ್ಲಿ ಸತ್ತವುಗಳ ಚಿಪ್ಪನ್ನು ಮಾತ್ರ ನಾನು ತೆಗೆದುಕೊಳ್ಳಲಿಲ್ಲ. ಯಾಕೆ ಎಂದು ಆಗ ಯಾರಾದರೂ ಕೇಳಿದ್ದರೆ ‘ವಾಸನೆ’ ಎಂದು ಹೇಳಿರುತ್ತಿದ್ದೆ. ಅಮ್ಮ ದೂರದಿಂದಲೇ ನೋಡಿ, “ಮಂಗಳೂರ ಕಡೆ ಚಿಪ್ಪು ಸುಟ್ಟು ಸುಣ್ಣ ಮಾಡೋರು, ಎಲೆಯಡಿಕೆಗೆ ಅದೇ ಚೆಂದ. ನೀನು ಬೇಯಿಸ್ತಾ ಇದ್ದೀಯ” ಎಂದಳು.

ನೀರಿನ ವಿಷಯದಲ್ಲಿ ನನಗೆ ಮೊದಲ ಸಲ ನಮ್ಮ ಬೋರ್‌ವೆಲ್ ಮೇಲೆ ಪ್ರೀತಿ ಹುಟ್ಟಿತು. ಮೈಸೂರಿನ ಮನೆಗಳಲ್ಲಿ ನೀರಿಗೆ ಜಾತಿಯಿದೆ. ನಲ್ಲಿಯಲ್ಲಿ ಬರುವ ಕಾವೇರಿ ಅಥವಾ ಕಬಿನಿ ಕುಡಿಯಲಿಕ್ಕೆ, ಅಡುಗೆಗೆ. ಬೋರಿನದು ಪಾತ್ರೆಗೆ, ಬಟ್ಟೆಗೆ, ಬಚ್ಚಲಿಗೆ. ನಲ್ವತ್ತು ವರ್ಷದಿಂದ ಅಮ್ಮ ಬೋರಿನ ನೀರನ್ನು ಬೈಯುತ್ತಲೇ ಬಂದಿದ್ದಾಳೆ. ಸೋಪು ನೊರೆಯೇಳುವುದಿಲ್ಲ, ಗೀಸರಿನ ಕಾಯಿಲ್ ಮೇಲೆ ಬಿಳಿ ಹೆಕ್ಕಳೆ, ಬೇಳೆ ಇಟ್ಟರೆ ಬೇಯುವುದಿಲ್ಲ. ನಮ್ಮ ಬೇಳೆ ಬೇಯದ ಆ ನೀರೇ ಟ್ಯಾಂಗನೀಕಾದವರಿಗೆ ತವರಿನ ನೀರು. ಒಂದು ರಾತ್ರಿ ಬಕೆಟ್ಟಿನಲ್ಲಿಟ್ಟು ಅಳೆದರೆ ಪಿಎಚ್ 8.2. ಬೇರೆ ಊರುಗಳಲ್ಲಿ ಸಾಕುವವರು ಡಬ್ಬಿಯಲ್ಲಿ ಲವಣ ಕೊಂಡು ಬೆರೆಸುತ್ತಾರೆ, ನಮಗೆ ಅದು ನೆಲದಿಂದಲೇ ಉಚಿತ.

ನೀರು ತುಂಬಿದ ಕೂಡಲೇ ಮೀನು ಬಿಡುವ ಹಾಗಿಲ್ಲ. ಮೀನು ಬಿಡುವ ಹೇಸಿಗೆಯಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಅದನ್ನು ತಿಂದು ನೈಟ್ರೈಟ್ ಮಾಡುವ ಒಂದು ಬಗೆಯ ಬ್ಯಾಕ್ಟೀರಿಯಾ, ನೈಟ್ರೈಟನ್ನು ತಿಂದು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಮಾಡುವ ಇನ್ನೊಂದು ಬಗೆ, ಇವೆರಡೂ ಸ್ಪಂಜು, ಮರಳುಗಳಲ್ಲಿ ನೆಲೆಯಾಗಲು ನಾಲ್ಕಾರು ವಾರ ಬೇಕು. ಹಳೆಯ ತೊಟ್ಟಿಯ ಕೊಳಕು ಸ್ಪಂಜಿನ ತುಂಡೊಂದನ್ನು ಹಿಂಡಿ ಹಾಕಿದರೆ ಬೇಗ ಆಗುತ್ತದೆ. ಬೆಂಗಳೂರಿನ ಹುಡುಗ ಅದನ್ನೂ ಕೊಟ್ಟಿದ್ದ. ಅಮ್ಮನಿಗೆ ಇಷ್ಟೆಲ್ಲ ಹೇಳುವ ಅಗತ್ಯ ಬೀಳಲಿಲ್ಲ, “ಹೆಪ್ಪು ಹಾಕೋದು ಅನ್ನು” ಎಂದಳು. ಒಂದು ತಿಂಗಳು ಖಾಲಿ ತೊಟ್ಟಿಯನ್ನು ನೋಡುತ್ತ ಕೂತೆ. ಬಂದವರೆಲ್ಲ “ಮೀನೆಲ್ಲಿ?” ಎನ್ನುವರು.

ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಥರ್ಮೋಕೋಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಆರು ಮರಿಗಳನ್ನು ತಂದೆ. ಅವು ಬರುವ ಮೊದಲೇ ನಾನು ಚಿಪ್ಪುಗಳನ್ನು ಜೋಡಿಸಿಟ್ಟಿದ್ದೆ. ಎಡಕ್ಕೆ ಒಂದು ಗುಂಪು, ಬಲಕ್ಕೆ ಒಂದು, ಎಲ್ಲದರ ಬಾಯಿಯೂ ಗಾಜಿನ ಕಡೆಗೆ, ಕೂತಲ್ಲಿಂದ ನನಗೆ ಕಾಣುವ ಹಾಗೆ. ಮೂರನೆಯ ಬೆಳಗ್ಗೆ ನೋಡುತ್ತೇನೆ, ಎಡಗಡೆಯ ಚಿಪ್ಪುಗಳು ಮಾಯ! ಮರಳಿನಲ್ಲಿ ಐದಾರು ಗುಂಡಿಗಳು, ಗುಂಡಿಯ ತಳದಲ್ಲಿ ಮೇಲ್ಮುಖವಾಗಿ ತೆರೆದ ಬಾಯಿ ಮಾತ್ರ. ಚಿಪ್ಪಿನ ಅಡಿಯ ಮರಳನ್ನು ಬಾಯಿಬಾಯಿ ತೆಗೆದು ಆಚೆ ಉಗುಳಿ, ಅದನ್ನು ಇಳಿಸಿ, ತಿರುಗಿಸಿ, ಮೇಲೆ ಮರಳು ಎರಚಿ ಮುಚ್ಚಿದ್ದವು. ಮೀನು ತನ್ನ ಮನಸ್ಸಿನಂತೆ ಮಾಡುತ್ತದೆ, ಮನುಷ್ಯ ಸುಮ್ಮನೆ ನೋಡಬೇಕು ಎಂಬ ಪಾಠ ಇಲ್ಲಿ ಸುಲಭವಾಗಿ ಸಿಗುತ್ತದೆ. ಅದು ಯಾರಿಗೂ ಹೊಳೆಯುವಂಥದ್ದು, ಅದರಲ್ಲಿ ನನಗೆ ಅಷ್ಟು ರುಚಿಯಿಲ್ಲ. ನನ್ನನ್ನು ಕಾಡಿದ್ದು ಆಮೇಲಿನದು. ಗುಂಡಿ ತೋಡಿ ಮುಗಿದ ಮೇಲೂ ಅವು ಕೆಲಸ ನಿಲ್ಲಿಸಲಿಲ್ಲ. ಇವತ್ತಿಗೂ ನಿಲ್ಲಿಸಿಲ್ಲ. ಒಂದು ಉಗುಳಿದ ಮರಳು ಇನ್ನೊಂದರ ಬಾಗಿಲಿಗೆ ಬೀಳುತ್ತದೆ, ಅದು ಎತ್ತಿ ಮೂರನೆಯದರ ಬಾಗಿಲಿಗೆ ಹಾಕುತ್ತದೆ. ಎಲ್ಲವೂ ದಿನವಿಡೀ ಮರಳು ಹೊರುತ್ತವೆ. ಬಲಮೂಲೆಯ ಎರಡು ಚಿಪ್ಪುಗಳನ್ನು ಯಾರೂ ಹಿಡಿಯಲಿಲ್ಲ. ಅವು ಹತ್ತೇ ದಿನದಲ್ಲಿ ಕಂಠಮಟ್ಟ ಮರಳು ತುಂಬಿಕೊಂಡು, ಪಾಚಿ ಕಟ್ಟಿ, ಕಲ್ಲಿನಂತಾದವು. ಒಂದೇ ಗೋಡೆಯ ಬುಡದಿಂದ ಒಂದೇ ದಿನ ಆರಿಸಿ ತಂದ ಚಿಪ್ಪುಗಳು ಅವು.

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಂತೆ ಎಂದು ನಮ್ಮಲ್ಲಿ ಗಾದೆ. ಅದನ್ನು ಹೇಳುವಾಗ ನಾವು ಯಾವಾಗಲೂ ಗೆದ್ದಲಿನ ಕಡೆ. ದುಡಿದವನು ಒಬ್ಬ, ಅನುಭವಿಸುವವನು ಇನ್ನೊಬ್ಬ ಎಂಬ ಸಂಕಟ ಅದರಲ್ಲಿದೆ. ಅಪ್ಪನ ಬಾಯಲ್ಲಿ ಈ ಗಾದೆ ಆಗಾಗ ಬರುತ್ತಿತ್ತು. ಅಪ್ಪ ಮನೆ ಕಟ್ಟಿಸಿದವರು. ಪ್ಲೇಗಿನ ನಂತರ 1903ರಲ್ಲಿ ಶುರುವಾದ ಸಿಐಟಿಬಿ ಎಂಬ ಟ್ರಸ್ಟ್ ಬೋರ್ಡು ಬೆಳೆಸಿದ ಊರು ಮೈಸೂರು. ಅದರ ಸೈಟೊಂದು ಸಿಕ್ಕಾಗ ಅಪ್ಪ ಪಿ.ಎಫ್. ಬಳಿದು, ಅಮ್ಮನ ಎರಡು ಬಳೆ ಮಾರಿ, 1979ರಲ್ಲಿ ತಾರಸಿ ಹಾಕಿಸಿದರು. ಅದಕ್ಕೆ ಮೊದಲಿನ ಹನ್ನೆರಡು ವರ್ಷದ ಬಾಡಿಗೆ ಕಾಲವನ್ನು ಹೇಳುವಾಗ ಮಾತ್ರ ಅವರ ಕ್ರಿಯಾಪದ ಬೇರೆ. “ಕೃಷ್ಣಮೂರ್ತಿಪುರಂನಲ್ಲಿ ಮನೆ ಮಾಡಿದ್ವಿ, ಆಮೇಲೆ ಚಾಮುಂಡಿಪುರಂನಲ್ಲಿ ಮನೆ ಮಾಡಿದ್ವಿ.” ಇದ್ದದ್ದು ವಠಾರದ ಒಂದೂವರೆ ಕೋಣೆ, ನಲ್ಲಿ ಹಂಚಿಕೆ, ಓನರಿನ ಕಿರಿಕಿರಿ. ಆದರೂ ‘ಮಾಡಿದ್ವಿ’. ಕುವೆಂಪುನಗರದ್ದು ಮಾತ್ರ ‘ಕಟ್ಟಿಸಿದ್ದು’.

ಬಾಡಿಗೆಗೆ ಹಿಡಿದು ಬಿಡಾರ ಹೂಡುವುದಕ್ಕೆ ಕನ್ನಡದಲ್ಲಿ ‘ಮನೆ ಮಾಡು’ ಎನ್ನುತ್ತೇವೆ. ಗೋಡೆಯನ್ನು ಇನ್ಯಾರೋ ಕಟ್ಟಿದ್ದಾರೆ, ಮನೆಯನ್ನು ನಾವು ಮಾಡುತ್ತೇವೆ. ಐವತ್ತೈದು ವರ್ಷ ಈ ಮಾತನ್ನು ಆಡಿಕೊಂಡು ಬಂದವನು ನಾನು, ಆದರೂ ಅದರೊಳಗೆ ಎರಡು ಬೇರೆ ಕೆಲಸಗಳಿವೆ ಎಂದು ತಿಳಿದದ್ದು ತೊಟ್ಟಿಯ ಮುಂದೆ. ಕಟ್ಟುವುದು ಒಮ್ಮೆ ಮುಗಿಯುತ್ತದೆ. ಗೃಹಪ್ರವೇಶದ ಪತ್ರಿಕೆಯಲ್ಲಿ ಅದಕ್ಕೊಂದು ತಾರೀಖಿರುತ್ತದೆ. ಮಾಡುವುದಕ್ಕೆ ತಾರೀಖಿಲ್ಲ, ಅದು ಸೋಮವಾರವೂ ಇದೆ, ಮಂಗಳವಾರವೂ ಇದೆ. ಅಪ್ಪ ಕಟ್ಟಿಸಿದ ಮನೆಯಲ್ಲಿ ಅಮ್ಮ ನಲ್ವತ್ತು ವರ್ಷ ಬೆಳಗ್ಗೆ ಬಾಗಿಲು ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಿದಳು. ಆ ಲೆಕ್ಕದಲ್ಲಿ ಅವಳು ಇವತ್ತಿಗೂ ಬಾಡಿಗೆ ಮನೆಯವಳೇ. ಪತ್ರದಲ್ಲಿ ಅವಳ ಹೆಸರೂ ಇರಲಿಲ್ಲ.

ಟ್ಯಾಂಗನೀಕಾದಲ್ಲಿ ಈ ಮಲ್ಟಿಯದೇ ಬಂಧು ಇನ್ನೊಂದಿದೆ, ಕ್ಯಾಲಿಪ್ಟೆರಸ್. ಅದರ ಗಂಡು ಹೆಣ್ಣಿಗಿಂತ ಹತ್ತು ಪಟ್ಟಿಗೂ ಮಿಕ್ಕಿ ತೂಕ, ಚಿಪ್ಪಿನೊಳಗೆ ತಾನು ಹಿಡಿಸುವುದಿಲ್ಲ. ಆದರೂ ಬಾಯಲ್ಲಿ ಕಚ್ಚಿಕೊಂಡು ಚಿಪ್ಪುಗಳನ್ನು ಒಂದು ಕಡೆ ರಾಶಿ ಹಾಕುತ್ತದೆ. ಪಕ್ಕದವನದನ್ನೂ ಕದಿಯುತ್ತದೆ, ಒಮ್ಮೊಮ್ಮೆ ಒಳಗಿರುವ ಹೆಣ್ಣಿನ ಸಮೇತ. ಅದು ಕಟ್ಟುವುದೂ ಅಲ್ಲ, ಮಾಡುವುದೂ ಅಲ್ಲ. ರಿಂಗ್ ರೋಡಿನಾಚೆ ಸೈಟು ಕೂಡಿಹಾಕುವವರಿಗೆ ಆ ಮೀನಿನ ಪರಿಚಯ ಮಾಡಿಸಬೇಕು.

ಮಲ್ಟಿಗಳ ಸಂಸಾರ ಹಾಗಲ್ಲ. ಒಂದು ದೊಡ್ಡ ಗಂಡು, ಎರಡು ಮೂರು ಹೆಣ್ಣು, ಬೇರೆ ಬೇರೆ ವಯಸ್ಸಿನ ಮಕ್ಕಳು, ಎಲ್ಲ ಒಂದೇ ಅಂಗಳ. ಹೆಣ್ಣುಗಳು ಮರಳಿಗಾಗಿ ಕಿತ್ತಾಡುತ್ತವೆ, ದೊಡ್ಡ ಗಂಡು ನಡುವೆ ನುಗ್ಗಿ ಜಗಳ ಬಿಡಿಸುತ್ತದೆ. ನನ್ನ ತೊಟ್ಟಿಯಲ್ಲಿ ಮೂರನೆಯ ತಿಂಗಳಿಗೆ ಒಂದು ಚಿಪ್ಪಿನ ಬಾಯಲ್ಲಿ ಅಕ್ಕಿನುಚ್ಚಿನಷ್ಟು ಮರಿಗಳು ಕಂಡವು. ಅಮ್ಮ ಕುರ್ಚಿ ಎಳೆಸಿಕೊಂಡು ಕೂತಳು. “ಬಾಣಂತಿ ಯಾರು?” ಎಂದು ಕೇಳಿ, ತೋರಿಸಿದ ಮೇಲೆ, ಆ ಚಿಪ್ಪಿನ ಕಡೆಗೆ ಒಂದು ಚಿಟಿಕೆ ಹೆಚ್ಚು ಆಹಾರ ಬೀಳುವಂತೆ ನನ್ನನ್ನು ಕಾಯತೊಡಗಿದಳು.

ಇಲ್ಲಿಗೇ ಬರೆಯುವುದನ್ನು ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಎರಡನೆಯ ಸೂಲಿನ ಮರಿಗಳು ಬೆಳೆದ ಮೇಲೆ ಒಂದು ದಿನ, ಎಳೆಯ ಮೀನೊಂದು ನೀರಿನ ಮೇಲ್ಗಡೆ, ಏರ್ ಪೈಪಿನ ಹಿಂದೆ ಅಂಟಿಕೊಂಡು ನಿಂತಿತ್ತು. ಗಾತ್ರ ನೋಡಿದರೆ ಹೆಣ್ಣು. ಕೆಳಗಿಳಿದರೆ ಎಲ್ಲರೂ ಅಟ್ಟಿಸಿಕೊಂಡು ಬರುತ್ತಿದ್ದರು, ತಾಯಿಯೂ. ಬಾಲದ ಅಂಚು ಹರಿದಿತ್ತು. ನಾನು ಹೊಸ ಚಿಪ್ಪು ಇಟ್ಟೆ, ಪ್ರಯೋಜನವಾಗಲಿಲ್ಲ. ಸರೋವರದಲ್ಲಿ ಈ ಜಾತಿಯ ಗಂಡುಗಳು ಹುಟ್ಟಿದ ಅಂಗಳದಲ್ಲೇ ಉಳಿಯುವುದು ಹೆಚ್ಚು, ಹೆಣ್ಣುಗಳು ಹೊರಟು ಇನ್ನೊಂದು ಗುಂಪಿಗೆ ಸೇರುತ್ತವೆ. ಅಲ್ಲಿ ಆಚೆ ಬೀದಿ ಎಂಬುದಿದೆ. ನನ್ನ ಎರಡಡಿಯಲ್ಲಿ ಮನೆಗಳಿದ್ದವು, ಆಚೆ ಎಂಬುದಿರಲಿಲ್ಲ. “ಹೆಣ್ಣು ಹುಡುಗಿ ಕಣೋ, ಹೋಗಬೇಕು ಅದು. ಕಳಿಸು” ಎಂದಳು ಅಮ್ಮ. ಅವಳ ಮಾತಿನ ಮೊದಲರ್ಧ ನನಗೆ ಒಪ್ಪಿಗೆಯಿಲ್ಲ. ಆದರೆ ಆ ರಾತ್ರಿ ಬಕೆಟ್ಟಿನಲ್ಲಿ ಅದನ್ನು ಬೇರೆಯಿಟ್ಟು ಕೂತಾಗ ನೆನಪಾದದ್ದು ಹೈದರಾಬಾದಿನಲ್ಲಿರುವ ನನ್ನ ಮಗಳು. ಅಲ್ಲೇ ಮನೆ ಮಾಡಿದ್ದಾಳೆ. ವರ್ಷಕ್ಕೆ ಎರಡು ಸಲ ಬರುತ್ತಾಳೆ. ಬಂದಾಗಲೆಲ್ಲ ‘ಅಜ್ಜ ಕಟ್ಟಿಸಿದ ಮನೆ ಇಷ್ಟು ದೊಡ್ಡದಿದೆ’ ಎಂದು ನಾನು ಏನಾದರೊಂದು ನೆಪದಲ್ಲಿ ಹೇಳದೆ ಬಿಟ್ಟವನಲ್ಲ. ಪಕ್ಕದ ಮನೆಯ ಬೀಗ ನೋಡಿ ಬೀದಿಯವರೆಲ್ಲ ಆ ಮನೆಯ ಹುಡುಗನನ್ನು ಅಂದಾಗ ನಾನೂ ದನಿಗೂಡಿಸಿದವನೇ. ಅವನೂ ಎಲ್ಲೋ ಮರಳು ಹೊರುತ್ತಿರಬೇಕು ಎಂದು ಆವರೆಗೆ ಯೋಚಿಸಿರಲಿಲ್ಲ. ಬೆಂಗಳೂರಿನ ಹುಡುಗನ ನಾಲ್ಕಡಿ ತೊಟ್ಟಿಗೆ ಆ ಮೀನನ್ನು ಕೊಟ್ಟುಬಂದೆ. ಬದುಕಿದೆ.

ಡಿಸೆಂಬರಿನಲ್ಲಿ ಪಕ್ಕದ ಮನೆಯ ಹುಡುಗ ಬಂದ. ಹುಡುಗನೇನು, ಐವತ್ತು ದಾಟಿದವ. ಮನೆ ಮಾರಾಟಕ್ಕೆ ಕಾಗದಪತ್ರ ಮಾಡಿಸಲು ಬಂದಿದ್ದ. ಅಮ್ಮ ಕಾಫಿ ಕೊಟ್ಟಳು. ಲೋಟ ಹಿಡಿದು ತೊಟ್ಟಿಯ ಮುಂದೆ ನಿಂತವನು, “ಈ ಚಿಪ್ಪೆಲ್ಲ ಸಮುದ್ರದ್ದಾ ಅಂಕಲ್?” ಎಂದ. “ಇಲ್ಲಪ್ಪ, ನಿಮ್ಮ ಮನೇದು” ಎಂದೆ. ಗೋಡೆ ತೋರಿಸಿ ವಿವರಿಸಿದ ಮೇಲೆ ನಕ್ಕ. “ಬಾಡಿಗೆ ವಸೂಲಿ ಮಾಡಿದ್ರಾ?” ಎಂದ. ಆಮೇಲೆ ಬಹಳ ಹೊತ್ತು ಬಗ್ಗಿಕೊಂಡೇ ಇದ್ದ. ಹೊರಡುವಾಗ ಅಮ್ಮನ ಕಾಲಿಗೆ ನಮಸ್ಕಾರ ಮಾಡಿದ.

ಕೊಂಡ ಬಿಲ್ಡರು ಆಷಾಢ ಕಳೆಯಲಿ ಎಂದು ಕಾದರು. ಶ್ರಾವಣದ ಮೊದಲ ವಾರ ಜೆಸಿಬಿ ಬಂತು, ಸಂಜೆಯೊಳಗೆ ಮನೆ ನೆಲಸಮ. ಅಡುಗೆಮನೆಯ ಕಿಟಕಿಯ ಪಕ್ಕದ ಕರಿಬೇವಿನ ಮರವೂ ಹೋಯಿತು. ಕತ್ತಲಾಗುತ್ತ ಮಳೆ ಹಿಡಿಯಿತು. ಟಾರ್ಚು ಹಾಕಿ ನೋಡಿದರೆ ನಡುವಿನ ಗೋಡೆಯ ತುಂಬ ಬಸವನಹುಳುಗಳು, ಅಷ್ಟು ಒಟ್ಟಿಗೆ ನಾನು ಯಾವತ್ತೂ ಕಂಡಿರಲಿಲ್ಲ. ಅಮ್ಮ ಛತ್ರಿ ಹಿಡಿದು ನಿಂತಳು, ನಾನು ಆರಿಸತೊಡಗಿದೆ. ಮೂವತ್ತೋ ನಲ್ವತ್ತೋ ಆದ ಮೇಲೆ ಕೈಗೊಂದು ಚಿಕ್ಕದು ಸಿಕ್ಕಿತು. ಸರಿಯಾಗಿ ಮೂರು ಬೆರಳುದ್ದ, ಬಾಯಿಯ ಅಂಚು ಒಂದಿಷ್ಟೂ ಒಡೆದಿಲ್ಲ, ಪಟ್ಟೆಗಳು ನೆನೆದು ಹೊಳೆಯುತ್ತಿದ್ದವು. ತೊಟ್ಟಿಯಲ್ಲಿ ಮೂರನೆಯ ಸೂಲಿನ ಮರಿಗಳಿಗೆ ಚಿಪ್ಪು ಸಾಲದಾಗಿತ್ತು. ಬೆಳಕಿಗೆ ಹಿಡಿದೆ. ಹುಳು ಕೊಂಬುಗಳನ್ನು ಎಳೆದುಕೊಂಡು ಮೆಲ್ಲಗೆ ಒಳಗೆ ಸರಿಯಿತು.

“ಏನೋ ನೋಡ್ತಾ ನಿಂತೆ? ಬಕೆಟ್ ಇಲ್ಲಿದೆ” ಎಂದಳು ಅಮ್ಮ.